ಬಸಲಿಂಗವ್ವನ ಮನೆ ಇಳಿಯದಂತೆ

ನಮ್ಮೂರಿಗೆ ಸಂಬಂಧ ಕೇಳಿಕೊಂಡು ಬಂದವರು ಮೊದಲು ಎಣಿಸುವುದು ಮೆಟ್ಟಿಲುಗಳನ್ನು. ಬೀದಿಯಿಂದ ಮನೆಯೊಳಕ್ಕೆ ಎಷ್ಟು ಮೆಟ್ಟಿಲು ಇಳಿಯಬೇಕು ಎಂಬುದರ ಮೇಲೆ ಆ ಮನೆತನದ ಕಥೆಯೆಲ್ಲ ತಿಳಿದುಹೋಗುತ್ತದೆ. ನಮ್ಮಲ್ಲಿ ಯಾರು ಜನರನ್ನು ಕರೆದು ಸಮಾರಂಭ ಮಾಡುತ್ತಾರೋ ಅವರ ಮನೆ ಅದೇ ದಿನ ಹೊತ್ತು ಮುಳುಗುವಾಗ ನೆಲದೊಳಕ್ಕೆ ಇಳಿಯುತ್ತದೆ. ಎಷ್ಟು ಉಳಿಯಿತು, ಎಷ್ಟು ಚೆಲ್ಲಿದರು, ಎಷ್ಟು ಕಸ ಮಾಡಿದರು ಎಂಬುದಕ್ಕೆ ತಕ್ಕಂತೆ ಬೆರಳೋ, ಗೇಣೋ, ಮೊಳವೋ ಇಳಿಯುತ್ತದೆ. ದಿನನಿತ್ಯದ ಮನೆಯಡುಗೆಗೆ ಈ ಲೆಕ್ಕವಿಲ್ಲ. ಕರೆದು ಮಾಡಿದ್ದಕ್ಕೆ ಮಾತ್ರ. ಬೇರೆ ಊರಿನ ಛತ್ರದಲ್ಲಿ ಮಾಡಿದರೆ ತಪ್ಪಿಸಿಕೊಳ್ಳಬಹುದೆಂದು ಕೆಲವರು ನೋಡಿದರು. ಎಲ್ಲಿ ಮಾಡಿದರೂ ಇಳಿಯುವುದು ಕರೆದವರ ಮನೆಯೇ.

ಹಿಂದಿನವರಿಗೆ ಇದೊಂದು ಹೆಮ್ಮೆಯಾಗಿತ್ತು. ದೇಸಾಯರ ವಾಡೆಯ ಮಾಳಿಗೆ ಈಗ ಬೀದಿಯ ಮಟ್ಟಕ್ಕಿದೆ, ಆಡುಗಳು ಅದರ ಮೇಲೆ ಮಲಗುತ್ತವೆ. ಒಳಗಿರುವವರು ಬೆಳಕಿಂಡಿಗೆ ಏಣಿ ಹಚ್ಚಿಕೊಂಡು ಹತ್ತಿ ಇಳಿದು ಮಾಡುತ್ತಾರೆ. ಹಾಗಿದ್ದರೂ ಆ ಮನೆಯ ಹಿರಿಯರು, ನಮ್ಮ ತಂದೆಯ ಮದುವೆಗೆ ಒಂದೇ ದಿನಕ್ಕೆ ಆಳುದ್ದ ಇಳಿದಿತ್ತು ನೋಡಿ ಎಂದು ಕಿಂಡಿಯಿಂದ ತಲೆ ಹೊರಗೆ ಹಾಕಿ ಹೇಳುತ್ತಿದ್ದರು.

ಕಾಲ ಬದಲಾಯಿತು. ಪೇಟೆಯ ಬಟ್ಟೆ ಅಂಗಡಿಯವರೊಬ್ಬರು ಮಗನ ಮೊದಲ ಹುಟ್ಟುಹಬ್ಬ ಮಾಡಿದರು. ಪ್ಲಾಸ್ಟಿಕ್ ಲೋಟ, ಬಲೂನು, ಥರ್ಮಾಕೋಲಿನ ಅರಮನೆ, ಬಾಗಿಲ ಮೇಲೆ ಮಗುವಿನ ನಗುಮುಖದ ದೊಡ್ಡ ಫ್ಲೆಕ್ಸು. ಸಂಜೆಗೆ ಮನೆ ಎಷ್ಟು ಇಳಿಯಿತೆಂದರೆ ಫ್ಲೆಕ್ಸಿನ ಮಗು ಮೂಗಿನ ತನಕ ಮಣ್ಣಿನಲ್ಲಿ ಹೂತುಹೋಗಿ ಕಣ್ಣು ಮಾತ್ರ ಬಿಟ್ಟು ನೋಡುತ್ತಿತ್ತು. ಊರೆಲ್ಲ ಬಂದು ನೋಡಿ ಹೋದರು. ಅದರ ಮರುವಾರದಿಂದ ಜನ ನನ್ನ ಮನೆಗೆ ಬರತೊಡಗಿದರು.

ನನ್ನ ಹೆಸರು ಸಾವಂತ್ರೆವ್ವ. ಇಪ್ಪತ್ತೆಂಟು ವರ್ಷ ಹೆಣ್ಣುಮಕ್ಕಳ ವಸತಿನಿಲಯದಲ್ಲಿ ಅಡುಗೆ ಮಾಡಿದವಳು. ಅನ್ನ ಬಸಿದರೆ ಎಷ್ಟು ಹೊಟ್ಟೆಗೆ ಸಾಕೆಂದು ನೋಡಿಯೇ ಹೇಳುತ್ತೇನೆ. ಸಮಾರಂಭ ಒಪ್ಪಿಕೊಂಡೆನೆಂದರೆ ನನ್ನ ಮಾತೇ ನಡೆಯಬೇಕು. ಅಚ್ಚು ಹಾಕಿಸಿದ ಲಗ್ನಪತ್ರಿಕೆ ಇಲ್ಲ, ಬಾಯಿಮಾತಿನ ಕರೆ. ಚಪ್ಪರಕ್ಕೆ ಓಣಿಯ ಹೆಂಗಸರ ಸೀರೆಗಳು, ಸಂಜೆ ಮಡಚಿ ವಾಪಸು. ಹೂ ಕೀಳುವಂತಿಲ್ಲ, ಮನೆಮನೆಯ ಹೂಕುಂಡಗಳನ್ನೇ ತಂದು ಸಾಲಾಗಿ ಇಡುವುದು. ಉಣ್ಣುವವರು ತಮ್ಮ ತಾಟು, ತಂಬಿಗೆ ತಾವೇ ತರಬೇಕು. ಕೈ ತೊಳೆದ ನೀರು ಬಾಳೆಯ ಬುಡಕ್ಕೆ. ಬೀಗರಿಗೆ ಬೇಕೆಂದು ಒಬ್ಬರು ಬಾಟಲಿ ನೀರು ತರಿಸಿದಾಗ ಅವನ್ನೆಲ್ಲ ಒಂದೊಂದಾಗಿ ಕೊಡಕ್ಕೆ ಸುರಿದು, ಬಾಟಲಿಗಳನ್ನು ಅವರ ಕೈಗೇ ಕೊಟ್ಟು ಕಳಿಸಿದ್ದೆ.

ಆದರೆ ನನ್ನನ್ನು ಹೆಸರುವಾಸಿ ಮಾಡಿದ್ದು ಹುಣಸೆಬೀಜ. ಸಮಾರಂಭಕ್ಕೆ ಮೂರು ದಿನ ಮೊದಲು ಸಂಚಿ ಹಿಡಿದುಕೊಂಡು ಕರೆದ ಪ್ರತಿಯೊಂದು ಮನೆಯ ಬಾಗಿಲಿಗೆ ಹೋಗುತ್ತೇನೆ. ಎಷ್ಟು ಹೋಳಿಗೆ ತಿನ್ನುತ್ತೀರೋ ಅಷ್ಟು ಬೀಜ ಹಾಕಬೇಕು. ದೊಡ್ಡವರು, ಮಕ್ಕಳು ಎಲ್ಲರೂ ತಮ್ಮ ಕೈಯಿಂದ ತಾವೇ ಹಾಕಬೇಕು. ಹಾಕಿದಷ್ಟನ್ನೇ ಮಾಡಿಸುತ್ತೇನೆ, ಅನ್ನವನ್ನೂ ಅದೇ ಅಂದಾಜಿನ ಮೇಲೆ ಇಡಿಸುತ್ತೇನೆ. ಯಾರ ತಾಟಿನಲ್ಲೂ ಒಂದು ಅಗಳು ಉಳಿಯಬಾರದು. ಹೀಗೆ ಇಪ್ಪತ್ತೆರಡು ಸಮಾರಂಭ ಮಾಡಿಸಿದ್ದೆ. ಇಪ್ಪತ್ತೆರಡರಲ್ಲಿ ಒಂದು ಮನೆಯೂ ಒಂದು ಬೆರಳು ಇಳಿದಿರಲಿಲ್ಲ. ಈ ಮಾತನ್ನು ನಾನು ಕೇಳಿದವರಿಗೂ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ.

ಬಸಲಿಂಗವ್ವ ಬಂದದ್ದು ಒಂದು ಮಧ್ಯಾಹ್ನ. ಕುಪ್ಪಸದ ಖಣ ನೇಯುವವಳು. ಗಂಡ ತೀರಿಹೋದ ಮೇಲೆ ಹನ್ನೆರಡು ವರ್ಷ ಒಬ್ಬಳೇ ಮಗ್ಗ ನಡೆಸಿ ಮಗಳು ದಾನವ್ವನನ್ನು ಬೆಳೆಸಿದ್ದಳು. ಕಟ್ಟೆಯ ಮೇಲೆ ಕೂತವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು.

“ದಾನವ್ವನ ಲಗ್ನ ಗಟ್ಟಿ ಆತ್ರಿ ಅಕ್ಕಾರ. ನೀವ ಮಾಡಿಸಿಕೊಡಬೇಕು,” ಎಂದಳು ಕೊನೆಗೆ.

“ಮಾಡಿಸೋಣಂತ. ಅದಕ್ಯಾಕ ಇಷ್ಟು ಸಪ್ಪಗ ಕುಂತಿ?”

“ಒಮ್ಮೆ ಮನಿಗೆ ಬಂದು ನೋಡ್ರಿ.”

ಹೋಗಿ ನೋಡಿದೆ. ಒಂಬತ್ತು ಮೆಟ್ಟಿಲು ಇಳಿಯಬೇಕು. ಅವಳ ಮಾವ ಇದ್ದಾಗ ಮಕ್ಕಳ ಕೂದಲು ತೆಗೆಸುವ ಜವಳಕ್ಕೆ, ಗೃಹಶಾಂತಿಗೆ ಎಂದು ಊರು ಕರೆದು ಉಣ್ಣಿಸಿದ್ದರ ಫಲ. ಒಂದೇ ಕೋಣೆಯ ಮನೆ, ಅದರ ಅರ್ಧವನ್ನೆಲ್ಲ ಕುಣಿಮಗ್ಗ ಹಿಡಿದಿತ್ತು. ನೇಯುವವರು ಕಾಲು ಇಳಿಬಿಟ್ಟು ಕೂರುವ ಕುಣಿ ಮನೆಯ ನೆಲಕ್ಕಿಂತಲೂ ಎರಡು ಮೊಳ ಆಳ. ಬಸಲಿಂಗವ್ವ ಕುಣಿಗೆ ಇಳಿದು, ಹೆಬ್ಬೆರಳನ್ನು ನೆಲಕ್ಕೆ ಒತ್ತಿ ತೆಗೆದಳು. ಒತ್ತಿದಲ್ಲಿ ಬೆರಳಿನಷ್ಟು ಜಾಗ ಕಪ್ಪಾಗಿ ಪಸೆಯೊಡೆಯಿತು.

“ನೀರು ಇಲ್ಲೇ ಕೆಳಗೈತ್ರಿ. ಎರಡು ಬೆರಳು ಇಳೀತಂದ್ರ ಕುಣಿ ಬಾವಿ ಆಕ್ಕೈತಿ. ಮಗ್ಗ ಹೋದ್ರ ನನಗ ಬ್ಯಾರೆ ಏನು ಬರ್ತೈತ್ರಿ? ಈಸಾಕೂ ಬರಂಗಿಲ್ಲ,” ಎಂದು ನಕ್ಕಳು. ನಗುವಾಗಲೂ ಅವಳ ಕೈ ಮಗ್ಗದ ಕಟ್ಟಿಗೆಯ ಮೇಲೇ ಇತ್ತು.

ಹಾಗಾದರೆ ಐದು ಜನರನ್ನು ಕರೆದು ತಾಳಿ ಕಟ್ಟಿಸಿಬಿಡು ಎಂದೆ ನಾನು. ಯಾರಾದರೂ ಹೇಳುವ ಮಾತೇ ಅದು. ಅವಳು ತಲೆ ಅಲ್ಲಾಡಿಸಿದಳು.

“ಈ ಊರಾಗ ನನ್ನ ಖಣ ತೊಡದ ಮದುಮಗಳಿಲ್ರಿ. ಖಣ ಕೊಡಾಕ ಹೋದ ಮನ್ಯಾಗೆಲ್ಲ ಕೈ ಹಿಡಿದು ಕುಂದರಿಸಿ ಉಣಿಸ್ಯಾರ. ನಮ್ಮ ಯಜಮಾನ್ರು ತೀರಿಕೊಂಡಾಗ ಮೂರು ತಿಂಗಳು ನಮ್ಮನ್ಯಾಗ ಒಲಿ ಹಚ್ಚಿಲ್ಲ, ಓಣಿಯವರ ರೊಟ್ಟಿ ಬರ್ತಿತ್ತು. ಅವರಿಗೆಲ್ಲ ಒಂದು ಹೊತ್ತು ನನ್ನ ಕೈಯಾರೆ ಬಡಿಸಲಿಲ್ಲಂದ್ರ ಹೆಂಗ್ರೀ ಅಕ್ಕಾರ?”

ಒಪ್ಪಿಕೊಂಡೆ. ಅಂದಿನಿಂದ ಮದುವೆಯ ದಿನದ ತನಕ ಕಣ್ಣು ಮುಚ್ಚಿದರೆ ಸಾಕು, ಆ ಹೆಬ್ಬೆರಳ ಗುರುತು ಕಾಣುತ್ತಿತ್ತು.

ತಕರಾರು ತೆಗೆದವನು ಬಸಲಿಂಗವ್ವನ ಅಣ್ಣ ಫಕೀರಪ್ಪ. ಮದುಮಗಳಿಗೆ ಸೋದರಮಾವ, ಮಾತಿಗೊಮ್ಮೆ ಮೀಸೆ ಮುಟ್ಟಿಕೊಳ್ಳುವ ಮನುಷ್ಯ. ಎಣಿಸಿ ಬಡಿಸಿದರೆ ಬೀಗರ ಮುಂದೆ ಮಾನ ಹೋಗುತ್ತದೆ, ಕಡಾಯಿ ತುಂಬಿ ಉಳಿಯಬೇಕು, ಆಗಲೇ ಮದುವೆ ಎನ್ನಿಸಿಕೊಳ್ಳುವುದು ಎಂದು ವಾದಿಸಿದ.

“ಉಳಿಯಲಿ ಬಿಡು ಫಕೀರಪ್ಪ. ಆದ್ರ ಕರಿಯೋದು ನೀ ಕರಿ. ಮನಿ ನಿಂದು ಇಳೀಲಿ,” ಎಂದೆ.

ಅಲ್ಲಿಂದ ಮುಂದೆ ಅವನು ಮೀಸೆಯನ್ನು ಬಿಟ್ಟರೆ ಬೇರೇನನ್ನೂ ಮುಟ್ಟಲಿಲ್ಲ, ನನ್ನ ಕೆಲಸಕ್ಕೆ ಅಡ್ಡ ಬರಲಿಲ್ಲ.

ಬೀಜ ಕೇಳಲು ಮನೆಮನೆ ತಿರುಗಿದೆ. ಈ ಸಲ ಮೊದಲಿಗಿಂತ ಹೆಚ್ಚು ಬಿಗಿಯಾಗಿದ್ದೆ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಯಾರಾದರೂ ಮೂರನೆಯ ಬೀಜಕ್ಕೆ ಕೈ ಹಾಕಿದರೆ, ಬಸಲಿಂಗವ್ವನ ಕುಣಿ ನೆನಪೈತಲ್ಲ ಎಂದು ಅವರ ಮುಖವನ್ನೇ ನೋಡುತ್ತಿದ್ದೆ. ಕೈ ಹಿಂದಕ್ಕೆ ಹೋಗುತ್ತಿತ್ತು. ಹೂಗಾರ ಗದಿಗೆಪ್ಪಜ್ಜ ಊರಿನಲ್ಲೇ ಹಿರಿಯ, ಎಂಬತ್ತು ದಾಟಿದರೂ ಆಳೆತ್ತರದ ಗಟ್ಟಿ ಜೀವ. ಅವನು ಎರಡು ಬೀಜ ಹಾಕಿ, ಸಂಚಿಯೊಳಗೊಮ್ಮೆ ಇಣುಕಿ ನೋಡಿ, ನಿಟ್ಟುಸಿರು ಬಿಟ್ಟು ಒಳಗೆ ಹೋದ. ವಯಸ್ಸಾಯಿತು, ಊಟ ಕಡಿಮೆಯಾಗಿದೆ ಎಂದುಕೊಂಡೆ. ನಮ್ಮೂರಿನವರು ನೂರ ಅರವತ್ತು ಜನ. ಗಂಡಿನ ಕಡೆಯವರು ಅರವತ್ತು ಜನ, ಎರಡು ಟೆಂಪೋದಲ್ಲಿ ಬರುವವರು. ಅವರಿಗೂ ಹೇಳಿಕಳಿಸಿ ತಮ್ಮ ತಮ್ಮಲ್ಲೇ ಲೆಕ್ಕ ಹಾಕಿಸಿ ತರಿಸಿಕೊಂಡಿದ್ದೆ.

ಮದುವೆಯ ದಿನ ಎಲ್ಲವೂ ನಾನೆಂದುಕೊಂಡಂತೆ ನಡೆಯಿತು. ಒಂಬತ್ತು ಮೆಟ್ಟಿಲಿಗೂ ಎರಡೂ ಬದಿಗೆ ಕನಕಾಂಬರದ ಕುಂಡಗಳು. ಬೀದಿಯ ಮೇಲೆ ಸೀರೆಗಳ ಚಪ್ಪರ. ಅದರ ಕೆಳಗೆ ನಿಂತವರ ಮುಖಗಳೆಲ್ಲ ಹಸಿರು, ಕೆಂಪು, ಅರಿಶಿನವಾಗಿ ಕಾಣುತ್ತಿದ್ದವು. ದಾನವ್ವ ಅವ್ವ ನೇಯ್ದ ಖಣದ ಕುಪ್ಪಸ ತೊಟ್ಟಿದ್ದಳು. ಮುಹೂರ್ತದ ಹೊತ್ತಿಗೆ ಒಂದು ಟೆಂಪೋ ಬಂದಿತ್ತು, ಮದುಮಗ, ಅವನ ತಂದೆತಾಯಿ, ಹತ್ತಿರದವರು ಸೇರಿ ಹದಿನೆಂಟು ಜನ. ಇನ್ನೊಂದು ಹಿಂದೆಯೇ ಇದೆ ಎಂದರು. ಅಕ್ಷತೆ ಬಿತ್ತು. ಊರಿನವರ ಪಂಕ್ತಿ ಎದ್ದಿತು. ಯಾರ ತಾಟು ನೋಡಿದರೂ ತೊಳೆದಿಟ್ಟಂತೆ. ನನ್ನ ಎದೆ ಉಬ್ಬಿತು.

ಆಗ ಫಕೀರಪ್ಪ ಫೋನು ಕೈಯಲ್ಲಿ ಹಿಡಿದುಕೊಂಡು ಬಂದ. ಅವನ ಇನ್ನೊಂದು ಕೈ ಮೀಸೆಯ ಹತ್ತಿರವೂ ಹೋಗಿರಲಿಲ್ಲ.

“ಅಕ್ಕಾರ, ಹಿಂದಿನ ಟೆಂಪೋದ ಆಕ್ಸಲ್ ಮುರಿದೈತಂತ. ಬ್ಯಾರೆ ಗಾಡಿ ಸಿಗಲಿಲ್ಲಂತ. ಅವರೆಲ್ಲ ಹೊಳ್ಳಿ ಊರಿಗೆ ಹೊಂಟಾರಂತ.”

ನಲವತ್ತೆರಡು ಜನ. ಅವರಿಗೆಂದು ಮಾಡಿದ ನೂರ ಹದಿನೆಂಟು ಹೋಳಿಗೆ ಬುಟ್ಟಿಯಲ್ಲಿದ್ದವು. ಅನ್ನದ ಒಂದು ಹಂಡೆಗೆ ಇನ್ನೂ ಸೌಟೇ ಬಿದ್ದಿರಲಿಲ್ಲ. ಕಟ್ಟಿನ ಸಾರು, ಬದನೆಕಾಯಿ ಪಲ್ಯ, ಎಲ್ಲ ಹಾಗೆಯೇ. ಟೆಂಪೋದಲ್ಲಿ ಕಳಿಸೋಣವೆಂದರೆ ಅವರ ಊರು ಮುಟ್ಟುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ದನಕ್ಕೆ ಹಾಕುವಂತಿಲ್ಲ. ಹಿಂದೆ ಒಬ್ಬರು ಉಳಿದ ಬುಂದಿಯನ್ನೆಲ್ಲ ಎಮ್ಮೆಗಳಿಗೆ ತಿನ್ನಿಸಿದ್ದರು, ಮನೆ ಇಳಿಯುವುದು ಇಳಿದೇ ಇತ್ತು. ಮನುಷ್ಯರಿಗೆಂದು ಮಾಡಿದ್ದು ಮನುಷ್ಯರ ಹೊಟ್ಟೆಗೇ ಹೋಗಬೇಕು. ಊರಿನವರಿಗೆ ಬಡಿಸೋಣವೆಂದರೆ ಅವರೆಲ್ಲ ಆಗಲೇ ಉಂಡಾಗಿತ್ತು, ತಾವೇ ಹೇಳಿದಷ್ಟು ಉಂಡು ಕೈ ತೊಳೆದಿದ್ದರು.

ಬಸಲಿಂಗವ್ವ ಬುಟ್ಟಿಯ ಪಕ್ಕದಲ್ಲಿ ನಿಂತಿದ್ದಳು. ಬುಟ್ಟಿಯನ್ನೊಮ್ಮೆ ನೋಡಿದಳು, ಕೆಳಗೆ ತನ್ನ ಬಾಗಿಲನ್ನೊಮ್ಮೆ ನೋಡಿದಳು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ನಾನು ಹಂಡೆಯ ಪಕ್ಕದಲ್ಲೇ ಕೂತೆ. ಆ ಹಂಡೆಯಲ್ಲಿ ಮನೆ ಎರಡು ಬೆರಳಲ್ಲ, ಒಂದು ಗೇಣು ಇಳಿಯುವಷ್ಟು ಅನ್ನ ಇತ್ತು. ಅಷ್ಟು ಲೆಕ್ಕ ನನಗೆ ಗೊತ್ತಿತ್ತು.

ಸುದ್ದಿ ಚಪ್ಪರದ ತುಂಬ ಹರಡಿತು. ಮನೆಗೆ ಹೊರಟವರು ತಾಟುಗಳನ್ನು ಎದೆಗೆ ಹಿಡಿದುಕೊಂಡು ನಿಂತರು. ನಾನು ಎದ್ದು, ಇಪ್ಪತ್ತೆರಡು ಸಮಾರಂಭಗಳಲ್ಲಿ ಎಂದೂ ಆಡದ ಮಾತು ಆಡಿದೆ.

“ಯಾರಿಗಾದ್ರೂ ಇನ್ನೊಂದು ತುತ್ತು ಹೋಗ್ತೈತೇನ್ರೀ?”

ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಹೆಂಗಸರು ಸೆರಗು ಸರಿಮಾಡಿಕೊಂಡರು. ಕೊನೆಗೆ ಹಿಂದಿನಿಂದ ಗದಿಗೆಪ್ಪಜ್ಜ ತನ್ನ ದೊಡ್ಡ ಹಿತ್ತಾಳೆ ತಾಟನ್ನು ಮುಂದೆ ಹಿಡಿದುಕೊಂಡು ಬಂದ.

“ಸಾವಂತ್ರೆವ್ವ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ನನ್ನ ಹಸಿವು ಐದು ಹೋಳಿಗಿದು.”

“ಮತ್ತ ಎರಡು ಬೀಜ ಹಾಕಿದ್ರಿ?”

“ಹಾಕಿದೆ. ಎಲ್ಲಾ ಸಲಾನೂ ಎರಡ ಹಾಕೀನಿ. ನಿನ್ನ ಊಟಕ್ಕ ಬಂದ ದಿನ ನಮ್ಮ ಸೊಸಿ ಮದಲ ರೊಟ್ಟಿ ಬಡಿದು ಬುಟ್ಟ್ಯಾಗ ಮುಚ್ಚಿಟ್ಟಿರ್ತಾಳ. ಮನಿಗೆ ಹೋದಕೂಡ್ಲೆ ಉಣ್ತೀನಿ.”

ಚಪ್ಪರದಲ್ಲಿ ಯಾರೋ ಕಿಸಕ್ಕನೆ ನಕ್ಕರು. “ನಾವೂ ಅಷ್ಟ ಅಜ್ಜಾರ,” ಎಂದಿತು ಒಂದು ಹೆಣ್ಣು ದನಿ. “ನಮ್ಮನ್ಯಾಗ ಅವತ್ತು ಅವಲಕ್ಕಿ,” ಎಂದರು ಇನ್ನೊಬ್ಬರು. ಒಬ್ಬೊಬ್ಬರಾಗಿ ಬಾಯಿ ಬಿಡತೊಡಗಿದರು. ಈಗ ಮಡದಿಯ ಜೊತೆ ನಿಂತಿದ್ದ ಒಬ್ಬ, ತನ್ನ ಮದುವೆಯ ದಿನವೇ ತಾನು ಹಸಿದು ಮಲಗಿದ್ದೆ ಎಂದು ಹೇಳಿದ. ಆ ಮದುವೆ ನಾನು ಮಾಡಿಸಿದ ಹದಿನಾಲ್ಕನೆಯ ಸಮಾರಂಭ. ಅದನ್ನು ನಾನು ಎಲ್ಲರಿಗೂ ಮಾದರಿಯೆಂದು ತೋರಿಸುತ್ತಿದ್ದೆ.

ನನಗೆ ಸಿಟ್ಟು ಬಂತು. “ಹಂಗಾದ್ರ ಇಷ್ಟು ವರ್ಷ ನನಗ ಸುಳ್ಳ ಹೇಳಿದ್ರೇನು ಎಲ್ಲಾರೂ?”

“ನೀ ಕೇಳೋ ಧಾಟಿಗೆ ಖರೆ ಯಾರು ಹೇಳ್ತಾರ ತಂಗಿ?” ಎಂದ ಗದಿಗೆಪ್ಪಜ್ಜ. “ಬಾಗಿಲಾಗ ನಿಂತು, ಕಣ್ಣು ಇಷ್ಟಿಷ್ಟು ಮಾಡಿ ನಮ್ಮ ಕೈಯನ್ನ ನೋಡ್ತಿ. ನಿನ್ನ ಕಣ್ಣು ನೋಡಿದ್ರ ಅರ್ಧ ಹಸಿವು ಅಲ್ಲೇ ಹೋಗಿಬಿಡ್ತೈತಿ. ಉಳಿದ ಅರ್ಧಕ್ಕ ಎರಡು ಬೀಜ ಹಾಕ್ತೀವಿ.”

ಎಲ್ಲರೂ ನಕ್ಕರು, ಗಂಡಿನ ಕಡೆಯವರೂ ನಕ್ಕರು. ನನಗೆ ಮುಖ ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಇಪ್ಪತ್ತೆರಡು ಸಲ ನನ್ನ ಹಂಡೆಗಳು ಖಾಲಿಯಾಗಿದ್ದು ನನ್ನ ಜಾಣತನದಿಂದಲ್ಲ, ಊರಿನವರ ನಾಚಿಕೆಯಿಂದ. ಮನೆಗಳು ಇಳಿದಿರಲಿಲ್ಲ, ನಿಜ. ಆದರೆ ಹರಸಲು ಬಂದವರು ಅರೆಹೊಟ್ಟೆಯಲ್ಲಿ ಹರಸಿ ಹೋಗಿದ್ದರು. ಎಲ್ಲರೆದುರು ಅಳು ಬಾರದಿರಲೆಂದು ಸೌಟನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ಕುಂದರ್ರಿ ಎಲ್ಲಾರೂ,” ಎಂದಳು ಬಸಲಿಂಗವ್ವ. ಅವಳ ದನಿ ಅಷ್ಟು ದೊಡ್ಡದಿದೆಯೆಂದು ಅಂದೇ ನನಗೆ ಗೊತ್ತಾದದ್ದು. “ನಾ ಬಡಸ್ತೀನಿ.”

ಮತ್ತೆ ಪಂಕ್ತಿ ಬಿತ್ತು. ಬಸಲಿಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಬುಟ್ಟಿ ಎತ್ತಿಕೊಂಡಳು. ನಾನು ತುಪ್ಪದ ಗಿಂಡಿ ಹಿಡಿದು ಅವಳ ಹಿಂದೆ ನಡೆದೆ. ಅವಳು ಎಷ್ಟು ಬೇಕೆಂದು ಯಾರನ್ನೂ ಕೇಳಲಿಲ್ಲ. ಹೆಸರು ಹಿಡಿದು ಕರೆದು, ತಾಟಿನ ಮುಂದೆ ನಿಂತು, ಉಣ್ಣುವವರು ಮುಖ ಎತ್ತುವ ತನಕ ಕಾಯುತ್ತಿದ್ದಳು. ಮುಖ ನೋಡಿ ಹಾಕುತ್ತಿದ್ದಳು. “ಹೊಲಿಗೇರ ರುಕ್ಮವ್ವ, ನನ್ನ ದಾನವ್ವನ ಬಾಣಂತನ ಮಾಡಿದಾಕಿ ನೀ, ಕೈ ಅಡ್ಡ ಹಿಡೀಬ್ಯಾಡ.” ಇನ್ನೊಬ್ಬರಿಗೆ, “ಸಾಕಾತೇನು? ಖರೆ ಸಾಕಾತೇನು? ಹಂಗಾದ್ರ ಬಿಡು.” ಹೊಟ್ಟೆ ತುಂಬಿದವರಿಗೆ ಅವಳು ಒತ್ತಾಯ ಮಾಡಲಿಲ್ಲ. ಅದು ಅವಳಿಗೆ ಹೇಗೆ ತಿಳಿಯುತ್ತಿತ್ತೋ ಕಾಣೆ. ಇಪ್ಪತ್ತೆಂಟು ವರ್ಷ ಬಡಿಸಿದ ನಾನು ಯಾವತ್ತೂ ತಾಟುಗಳನ್ನು ನೋಡಿದ್ದೆ, ಮುಖಗಳನ್ನಲ್ಲ.

ಗದಿಗೆಪ್ಪಜ್ಜ ಮೂರು ತಿಂದು, ನಾಲ್ಕನೆಯದಕ್ಕೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಫಕೀರಪ್ಪನೂ ತಾಟು ಹಿಡಿದು ಕೂತ. ಅನ್ನದ ಹಂಡೆಯಲ್ಲಿ ಸೌಟು ತಳ ಮುಟ್ಟಿ ಸದ್ದು ಮಾಡಿದಾಗ ಸೂರ್ಯ ವಾಡೆಯ ಮಾಳಿಗೆಯ ಆಡುಗಳ ಹಿಂದೆ ಇಳಿಯುತ್ತಿದ್ದ. ಬುಟ್ಟಿಯಲ್ಲಿ ಉಳಿದ ಕಡೆಯ ಹೋಳಿಗೆಯನ್ನು ಮದುಮಗನೂ ದಾನವ್ವನೂ ಹರಿದು ತಿಂದರು.

ದಿಬ್ಬಣ ಹೊರಡುವ ಮೊದಲು ಬಸಲಿಂಗವ್ವ ಮೆಟ್ಟಿಲಿಳಿದು ಒಳಗೆ ಹೋದಳು. ಯಾರೂ ಅವಳನ್ನು ಹಿಂಬಾಲಿಸಲಿಲ್ಲ. ಚಪ್ಪರದಲ್ಲಿ ಮಕ್ಕಳೂ ಸುಮ್ಮನಾದರು. ಹೊತ್ತು ಮುಳುಗಿತು. ಮನೆ ಇಳಿಯುವಾಗ ಬರುವ ಸದ್ದು ನಮಗೆಲ್ಲ ಗೊತ್ತು, ತುಂಬಿದ ಮೂಟೆಯನ್ನು ನೆಲಕ್ಕಿಟ್ಟಂಥ ಸದ್ದು. ಅದಕ್ಕಾಗಿ ಕಿವಿ ತೆರೆದು ನಿಂತೆವು. ಬರಲಿಲ್ಲ.

ಬಸಲಿಂಗವ್ವ ಬಾಗಿಲಿಗೆ ಬಂದು, ಬಲಗಾಲು ಎತ್ತಿ ಅಂಗಾಲನ್ನು ಊರಿಗೆಲ್ಲ ತೋರಿಸಿದಳು. ಕುಣಿಗೆ ಇಳಿದು ಬಂದ ಕಾಲಿಗೆ ನೀರು ತಾಗಿರಲಿಲ್ಲ. ಹೆಂಗಸರು ಕೂಗು ಹಾಕಿದರು. ಮಗಳನ್ನು ಕಳಿಸುವಾಗ ಅತ್ತಳು, ಎಲ್ಲ ತಾಯಂದಿರೂ ಅಳುವಷ್ಟೇ.

ಸೀರೆಗಳನ್ನು ಬಿಚ್ಚಿ, ಮಡಚಿ, ಯಾರದು ಯಾರಿಗೆಂದು ಹಂಚಿ ಮುಗಿಸಿದೆವು. ಕುಂಡಗಳು ತಮ್ಮ ತಮ್ಮ ಮನೆಗೆ ಹೋದವು. ಎಲ್ಲರೂ ಹೋದ ಮೇಲೆ ನಾನು ಒಳಗೆ ಹೋಗಿ ನೋಡಿದರೆ ಬಸಲಿಂಗವ್ವ ಮಗ್ಗದ ಕುಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಏಳಲು ಹೋದವಳು ಕಂಬ ಹಿಡಿದುಕೊಂಡು ಮತ್ತೆ ಕೂತಳು. ತುಟಿಗಳು ಬಿಳಿಚಿದ್ದವು.

“ನೀ ಯಾವಾಗ ಉಂಡೀಬೆ?” ಎಂದೆ.

“ನಿನ್ನೆ ಮಧ್ಯಾಹ್ನ ಒಂದು ಸ್ವಲ್ಪ…” ಎಂದು ಅಲ್ಲಿಗೇ ನಿಲ್ಲಿಸಿದಳು.

ಆಗ ನನಗೆ ಹೊಳೆಯಿತು. ಇನ್ನೂರಿಪ್ಪತ್ತು ಜನರ ಹಸಿವನ್ನು ಎಣಿಸಿ ಸಂಚಿಗೆ ಹಾಕಿಸಿಕೊಂಡವಳು ಈ ಮನೆಯ ಬಾಗಿಲಲ್ಲಿ ಸಂಚಿ ಹಿಡಿದಿರಲಿಲ್ಲ. ಈ ಮನೆಯಲ್ಲಷ್ಟೇ ಅಲ್ಲ, ಯಾವ ಸಮಾರಂಭದಲ್ಲೂ ಆ ಮನೆಯ ತಾಯಿಯನ್ನು ನೀನು ಎಷ್ಟು ತಿನ್ನುತ್ತೀ ಎಂದು ಕೇಳಿರಲಿಲ್ಲ. ಅವರಿಗೆಂದು ಒಂದು ಹೋಳಿಗೆಯನ್ನೂ ಮಾಡಿಸಿರಲಿಲ್ಲ. ಅವರೆಲ್ಲ ಮನೆ ಇಳಿಯಲಿಲ್ಲವೆಂದು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಿದ್ದರು. ಎಷ್ಟು ಜನ ಹೀಗೆ ಕಂಬ ಹಿಡಿದು ಕೂತಿದ್ದರೋ. ನನಗೆ ನನ್ನ ಮೇಲೆ ಅಸಹ್ಯವಾಯಿತು.

ಒಲೆ ಹಚ್ಚಿದೆ. ಮೂಲೆಯ ಡಬ್ಬಿಯಲ್ಲಿ ಜೋಳದ ಹಿಟ್ಟಿತ್ತು.

“ಎಷ್ಟು ರೊಟ್ಟಿ ಬಡೀಲಿ?” ಎಂದು ಕೇಳಿದೆ, ಈ ಸಲ ಅವಳ ಮುಖ ನೋಡಿ.

“ಒಂದ ಸಾಕ್ರಿ ಅಕ್ಕಾರ. ಹೊಟ್ಟಿ ತುಂಬಿದಂಗ ಆಗೇತಿ.”

ನಾಲ್ಕು ಬಡಿದೆ. ಮೇಲೆ ಹಸಿಖಾರ, ಒಂದಿಷ್ಟು ಮೊಸರು. ಕುಣಿಯ ಅಂಚಿನಲ್ಲೇ ತಾಟು ಇಟ್ಟೆ. ಮೊದಲನೆಯದನ್ನು ಅವಳು ಮಾತಿಲ್ಲದೆ ತಿಂದಳು. ಎರಡನೆಯದನ್ನು ತಿನ್ನುವಾಗ ದಾನವ್ವ ಚಿಕ್ಕವಳಿದ್ದಾಗ ಮಗ್ಗದ ಲಾಳಿ ಬಚ್ಚಿಡುತ್ತಿದ್ದ ಕಥೆ ಹೇಳಿದಳು. ಮೂರನೆಯದು ಮುಗಿದಾಗ ತುಟಿಗಳಿಗೆ ಬಣ್ಣ ಬಂದಿತ್ತು. ನಾಲ್ಕನೆಯದನ್ನು ಕೈಗೆತ್ತಿಕೊಂಡು, ನನ್ನ ಮುಖ ನೋಡಿದಳು. ಪಂಕ್ತಿಯಲ್ಲಿ ಒಬ್ಬೊಬ್ಬರ ಮುಂದೆ ನಿಂತು ನೋಡಿದ ಹಾಗೆಯೇ ನೋಡಿದಳು. ಆಮೇಲೆ ರೊಟ್ಟಿಯನ್ನು ಮುರಿದು, ದೊಡ್ಡ ತುಂಡಿಗೆ ಖಾರ ಹಚ್ಚಿ ನನ್ನ ಕೈಯಲ್ಲಿಟ್ಟಳು.

“ನನಗ ಹಸಿವಿಲ್ಲ ಬಿಡಬೆ,” ಎಂದೆ. ಅನ್ನುವಾಗಲೇ ನನ್ನ ಬಾಯಿ ತುಂಬಿತ್ತು.